ಕಂಪ್ಯೂಟರಿನ ಮುಂದೆ ಕೂರುವ ಹಕ್ಕು ಯಾರದು? ಜಾನ್ ಕೆಮೆನಿಯ ಬದುಕು

ಕಳೆದ ವಾರ ಒಂದು ಇಡೀ ರಾತ್ರಿ ನಾನು ಯಾರಿಗೂ ಬೇಡದ ಒಂದು ಕೆಲಸ ಮಾಡುತ್ತಾ ಕೂತಿದ್ದೆ. ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಮೂರು ಬಾಣದ ಗುರುತು ಬರುತ್ತಲ್ಲ, ಅಲ್ಲಿ ಎರಡು ಕೂಡಿಸು ಎರಡು ಅಂತ ಬರೆದು ಎಂಟರ್ ಒತ್ತಿದರೆ ಮುಂದಿನ ಸಾಲಲ್ಲೇ ನಾಲ್ಕು ಅಂತ ಉತ್ತರ ಬರುತ್ತೆ. ನೀವು ಬರೆದದ್ದನ್ನು ಓದು, ಲೆಕ್ಕ ಹಾಕು, ಉತ್ತರ ಮುದ್ರಿಸು, ಮತ್ತೆ ಕಾಯುತ್ತಾ ಕೂರು. ಇದಕ್ಕೆ ತಂತ್ರಜ್ಞಾನದವರು ರೆಪಲ್ ಅಂತಾರೆ. ನನ್ನ ತಕರಾರು ಇಷ್ಟೇ: ಇಂಥ ರೆಪಲ್‌ಗಳು ಹಲವಾರಿವೆ, ಒಂದೊಂದರಲ್ಲೂ ಒಂದೊಂದು ಒಳ್ಳೆಯ ಗುಣವಿದೆ, ಆದರೆ ಎಲ್ಲವೂ ಒಂದೇ ಕಡೆ ಸಿಗಲ್ಲ.

ಐಪೈಥಾನ್‌ನಲ್ಲಿ ಯಾವ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಅದರ ವಿವರ ಬರುತ್ತೆ, ಹಿಂದೆ ಕೇಳಿದ ಪ್ರಶ್ನೆ-ಉತ್ತರಗಳಿಗೆಲ್ಲ ನಂಬರ್ ಇರುತ್ತೆ, ಒಂದು ಸಾಲು ಓಡಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯಬಹುದು. ಬಿಪೈಥಾನ್‌ನಲ್ಲಿ ಬರೆದ ಸಾಲನ್ನು ವಾಪಸ್ ತಗೊಳ್ಳಬಹುದು, ಮಾತು ಹಿಂತೆಗೆದುಕೊಂಡ ಹಾಗೆ. ಪಿಟಿಪೈಥಾನ್‌ನಲ್ಲಿ ಹತ್ತು ಸಾಲಿನ ತುಣುಕನ್ನು ಒಟ್ಟಿಗೆ ತಿದ್ದಬಹುದು, ಮುಂದೇನು ಬರೆಯಬಹುದು ಅನ್ನೋದನ್ನು ಅದೇ ಸೂಚಿಸುತ್ತೆ. ಇದನ್ನೂ ಐಪೈಥಾನನ್ನೂ ಬೆರೆಸಿ ಪಿಟಿಐಪೈಥಾನ್ ಅಂತ ಒಂದು ಕಮ್ಯಾಂಡ್ ಇದೆ. ಹೆಸರಿಗೇ ಎರಡು ಮನೆಯ ಇನಿಷಿಯಲ್. ಅದನ್ನು ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗೆ ಕೂರಿಸುವಷ್ಟರಲ್ಲಿ ಬೆಳಗಾಯಿತು.

ಬೆರಕೆಯೇನೂ ಹೊಸದಲ್ಲ. ಐಪೈಥಾನೇ ಬೆರಕೆ. 2001ರಲ್ಲಿ ಕೊಲರಾಡೋದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫರ್ನಾಂಡೊ ಪೆರೆಜ್ ತಾನು ಬರೆದ ಸಣ್ಣ ಪ್ರೋಗ್ರಾಮಿಗೆ ಬೇರೆ ಇಬ್ಬರು ಬರೆದಿದ್ದ ಎರಡು ಪ್ರೋಗ್ರಾಮ್‌ಗಳನ್ನು ಸೇರಿಸಿ ಅದನ್ನು ಕಟ್ಟಿದ್ದು. ಇವತ್ತು ಡೇಟಾ ಕೆಲಸ ಮಾಡುವವರು ದಿನಾ ತೆರೆಯುವ ಜುಪಿಟರ್ ಹುಟ್ಟಿದ್ದು ಅದರ ಹೊಟ್ಟೆಯಿಂದ.

ಆ ರಾತ್ರಿ ಪೂರ್ತಿ ನನ್ನ ತಲೆಯಲ್ಲಿದ್ದದ್ದು ಮಾತ್ರ ಇನ್ನೊಬ್ಬ ಮನುಷ್ಯ. ಬೇರೆ ಬೇರೆ ಕಡೆ ಬಿದ್ದಿದ್ದ ತುಂಡುಗಳನ್ನು ಒಂದೇ ಪ್ರಾಂಪ್ಟ್‌ಗೆ ಜೋಡಿಸಿ, ಅದರ ಮುಂದೆ ಇಂಜಿನಿಯರ್ ಅಲ್ಲದವರನ್ನೂ ತಂದು ಕೂರಿಸಿದವನು. ಹೆಸರು ಜಾನ್ ಕೆಮೆನಿ. ನಮ್ಮಲ್ಲಿ ಬಿಲ್ ಗೇಟ್ಸ್ ಎಲ್ಲರಿಗೂ ಗೊತ್ತು, ಸ್ಟೀವ್ ಜಾಬ್ಸ್ ಮೇಲೆ ಮೂರು ಸಿನಿಮಾ ನೋಡಿದವರೂ ಇದ್ದಾರೆ. ಕೆಮೆನಿ ಯಾರು ಅಂತ ಕೇಳಿದರೆ ಮೌನ. ಅದಕ್ಕೇ ಇದನ್ನು ಬರೆಯಲು ಕೂತೆ.

ಆತ ಹುಟ್ಟಿದ್ದು 1926ರ ಮೇ 31ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ 1938ರಲ್ಲೇ ಅವನ ಅಪ್ಪನಿಗೆ ಮುಂದೇನು ಅಂತ ಅಂದಾಜಾಯಿತು. ಒಬ್ಬನೇ ಅಮೆರಿಕಕ್ಕೆ ಹೋಗಿ, ನೆಲೆ ಮಾಡಿಕೊಂಡು, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಅಜ್ಜ ಮಾತ್ರ ಊರು ಬಿಡಲ್ಲ ಅಂತ ಹಟ ಹಿಡಿದ. ಆ ಅಜ್ಜ ಮತ್ತು ಹತ್ತಿರದ ಕೆಲವು ಬಂಧುಗಳು ಮುಂದೆ ನಾಜಿಗಳ ನರಮೇಧದಲ್ಲಿ ಸತ್ತರು. ಹದಿನಾಲ್ಕು ವರ್ಷದ ಹುಡುಗ ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದಾಗ ಇಂಗ್ಲಿಷ್ ಹೆಚ್ಚುಕಮ್ಮಿ ಬರುತ್ತಿರಲಿಲ್ಲ. ಮೂರು ವರ್ಷಕ್ಕೆ ಅಲ್ಲಿನ ಸಾರ್ವಜನಿಕ ಹೈಸ್ಕೂಲಿನಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಗೊತ್ತಿಲ್ಲದ ಭಾಷೆಯ ಮುಂದೆ ಬಾಯಿಕಟ್ಟಿ ನಿಂತ ಅನುಭವ ಅವನಿಗಿತ್ತು. ಮುಂದೆ ಅವನು ಮಾಡಿದ ಕೆಲಸಕ್ಕೂ ಈ ಅನುಭವಕ್ಕೂ ಸಂಬಂಧ ಇದೆ ಅಂತ ನಾನು ನಂಬಿದ್ದೇನೆ. ದಾಖಲೆ ಕೇಳಬೇಡಿ, ಇದು ನನ್ನ ಊಹೆ.

ಪ್ರಿನ್ಸ್‌ಟನ್‌ನಲ್ಲಿ ಗಣಿತ ಓದುತ್ತಿದ್ದಾಗ ಸೈನ್ಯದ ಕರೆ ಬಂತು. 1945ರಲ್ಲಿ ಅವನನ್ನು ಕಳಿಸಿದ್ದು ಲಾಸ್ ಅಲಾಮೋಸ್‌ಗೆ, ಅಣುಬಾಂಬ್ ತಯಾರಾಗುತ್ತಿದ್ದ ಜಾಗಕ್ಕೆ. ಅಲ್ಲಿ ಲೆಕ್ಕದ ವಿಭಾಗದಲ್ಲಿ ಅವನ ಮೇಲಿನವರು ರಿಚರ್ಡ್ ಫೈನ್‌ಮನ್. ಆಗಿನ್ನೂ ಕಂಪ್ಯೂಟರ್ ಅನ್ನೋ ಹೆಸರಿನ ಈಗಿನ ಯಂತ್ರ ಅಲ್ಲಿರಲಿಲ್ಲ. ತೂತು ಹೊಡೆದ ಕಾರ್ಡ್‌ಗಳನ್ನು ನುಂಗುವ ಐಬಿಎಂ ಲೆಕ್ಕಪತ್ರದ ಯಂತ್ರಗಳಿದ್ದವು. ಆ ಕಾರ್ಡ್‌ಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊರುತ್ತಾ ಹಗಲು ರಾತ್ರಿ ಪಾಳಿಯಲ್ಲಿ ದುಡಿದವರಲ್ಲಿ ಇವನೂ ಒಬ್ಬ. ವಯಸ್ಸು ಆಗ ಹತ್ತೊಂಬತ್ತು. ಹಿಟ್ಲರನಿಂದ ಓಡಿ ಬಂದ ಹುಡುಗ, ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯೋಜನೆಯಲ್ಲಿ ಲೆಕ್ಕಿಗ. ಇದನ್ನು ಓದಿದಾಗೆಲ್ಲ ನನಗೆ ಕಸಿವಿಸಿ ಆಗುತ್ತೆ, ಮುಚ್ಚಿಡುವುದು ಸರಿಯಲ್ಲ ಅಂತ ಹೇಳುತ್ತಿದ್ದೇನೆ. ಅಲ್ಲಿ ಇಪ್ಪತ್ತು ಮಂದಿ ಒಂದು ವರ್ಷ ಹಾಕಿದ ಲೆಕ್ಕವನ್ನು ತನ್ನ ಕಾಲೇಜಿನ ಒಬ್ಬ ಸಾಮಾನ್ಯ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ, ಅದೂ ನೂರಾರು ಮಂದಿಯ ಜೊತೆ ಯಂತ್ರ ಹಂಚಿಕೊಂಡು, ಅಂತ ಮುಂದೆ ಅವನು ಹೇಳಿಕೊಳ್ಳುತ್ತಿದ್ದ.

ಯುದ್ಧ ಮುಗಿಯಿತು. ಪ್ರಿನ್ಸ್‌ಟನ್‌ಗೆ ವಾಪಸ್. ತರ್ಕಶಾಸ್ತ್ರದ ದೊಡ್ಡ ಹೆಸರಾದ ಅಲಾಂಜೊ ಚರ್ಚ್ ಬಳಿ ಸಂಶೋಧನೆ, 1949ರಲ್ಲಿ ಡಾಕ್ಟರೇಟ್. ಆ ಹೊತ್ತಿನಲ್ಲೇ ಐನ್‌ಸ್ಟೈನ್‌ಗೆ ಗಣಿತದ ಸಹಾಯಕ. ಇಂಥ ಬಯೋಡೇಟಾ ಇದ್ದವನು ಯಾವುದೋ ದೊಡ್ಡ ಸಂಸ್ಥೆಯಲ್ಲಿ ಕೂತು ಪ್ರಬಂಧ ಬರೆದುಕೊಂಡು ಇರಬಹುದಿತ್ತು. ಅವನು 1953ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜಿಗೆ ಬಂದ. ಎರಡು ವರ್ಷಕ್ಕೆ ಗಣಿತ ವಿಭಾಗದ ಮುಖ್ಯಸ್ಥ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ.

ಡಾರ್ಟ್‌ಮತ್‌ನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಹತ್ತಿರದ ಯಂತ್ರ ಇದ್ದದ್ದು ಎಂಐಟಿಯಲ್ಲಿ, ಬಾಸ್ಟನ್ ಪಕ್ಕ, ಇನ್ನೂರು ಕಿಲೋಮೀಟರ್ ದೂರ. ಕೆಮೆನಿ ಕರೆತಂದ ಸಂಖ್ಯಾಶಾಸ್ತ್ರಜ್ಞ ಥಾಮಸ್ ಕರ್ಟ್ಜ್ ಎರಡು ವಾರಕ್ಕೊಮ್ಮೆ ಬೆಳಗಿನ ರೈಲು ಹತ್ತಿ, ಎಲ್ಲರ ಕಾರ್ಡ್‌ಗಳನ್ನು ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿತಾ? ಯಂತ್ರ ಓಡಲ್ಲ. ತಿದ್ದಿ ಮತ್ತೆ ಕೇಳಬೇಕು ಅಂದರೆ ಎರಡು ವಾರ ಕಾಯಬೇಕು.

ಆಗ ಎಲ್ಲ ಕಡೆ ಪದ್ಧತಿ ಹೀಗೇ ಇತ್ತು. ಯಂತ್ರ ದುಬಾರಿ, ಮನುಷ್ಯನ ಸಮಯ ಅಗ್ಗ. ಗಾಜಿನ ಗೋಡೆಯ ಒಳಗೆ ಯಂತ್ರ ಮತ್ತು ಅದರ ಅರ್ಚಕರು, ಹೊರಗೆ ಕಿಟಕಿಯಲ್ಲಿ ಕಾರ್ಡ್ ಕಟ್ಟು ಕೊಟ್ಟು ನಾಳೆ ಬನ್ನಿ ಅನ್ನಿಸಿಕೊಳ್ಳುವ ಭಕ್ತರು. ನೇರ ದರ್ಶನ ಯಾರಿಗೂ ಇಲ್ಲ. ಗರ್ಭಗುಡಿಯ ಹೋಲಿಕೆ ನಾನು ಬೇಕಂತಲೇ ಕೊಡುತ್ತಿದ್ದೇನೆ. ಯಾರು ಒಳಗೆ ಹೋಗಬಹುದು, ಯಾರು ಹೊರಗೆ ನಿಲ್ಲಬೇಕು ಅನ್ನೋ ಪ್ರಶ್ನೆ ನಮಗೆ ಹೊಸದಲ್ಲವಲ್ಲ.

1959ರಲ್ಲಿ ಕಾಲೇಜಿಗೊಂದು ಪುಟ್ಟ ಯಂತ್ರ ಬಂತು, ಎಲ್‌ಜಿಪಿ-30. ಅದರ ಮೇಲೆ ಪದವಿ ಹುಡುಗರನ್ನೇ ಬಿಟ್ಟು ನೋಡಿದರು. ಹುಡುಗರು ಗುರುಗಳನ್ನೇ ಮೀರಿಸುವ ಕೆಲಸ ಮಾಡಿದರು. ಆರಂಭಿಕರಿಗಾಗಿ ಕೆಮೆನಿ ಒಂದೆರಡು ಸಣ್ಣ ಭಾಷೆಗಳನ್ನೂ ರೂಪಿಸಿ ನೋಡಿದ, ಅವು ನಡೆಯಲಿಲ್ಲ. ಆ ಹೊತ್ತಿಗೆ ಎಂಐಟಿಯಲ್ಲಿದ್ದ ಜಾನ್ ಮೆಕಾರ್ಥಿ, ಲಿಸ್ಪ್ ಭಾಷೆಯ ಜನಕ, ಕರ್ಟ್ಜ್‌ಗೆ ಒಂದು ಸಲಹೆ ಕೊಟ್ಟರು: ಟೈಮ್ ಶೇರಿಂಗ್ ಮಾಡಿ ಅಂತ. ಒಂದೇ ಯಂತ್ರದ ಸಮಯವನ್ನು ಚೂರು ಚೂರು ಮಾಡಿ ಹಲವರಿಗೆ ಸರದಿಯಲ್ಲಿ ಹಂಚಿದರೆ, ಪ್ರತಿಯೊಬ್ಬರಿಗೂ ಯಂತ್ರ ತನ್ನದೇ ಅನ್ನಿಸುತ್ತೆ.

ಕರ್ಟ್ಜ್ ಈ ಮಾತನ್ನು ಕೆಮೆನಿಗೆ ತಲುಪಿಸಿದರು. ಕೆಮೆನಿ ಅದಕ್ಕೆ ತನ್ನದೊಂದು ಗುರಿ ಸೇರಿಸಿದ: ಕಾಲೇಜಿನ ಎಲ್ಲ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಬೇಕು. ಇತಿಹಾಸ ಓದುವವರು, ಸಾಹಿತ್ಯ ಓದುವವರು, ಎಲ್ಲರೂ. ಅಲ್ಲಿನ ಮುಕ್ಕಾಲು ಪಾಲು ಹುಡುಗರು ವಿಜ್ಞಾನದವರಲ್ಲ, ಆದರೆ ನಾಳೆ ಕಂಪನಿ ನಡೆಸುವವರು, ಕಾನೂನು ಮಾಡುವವರು ಅವರೇ. ಯಂತ್ರ ಏನು ಮಾಡುತ್ತೆ ಏನು ಮಾಡಲ್ಲ ಅಂತ ಗೊತ್ತಿಲ್ಲದವರು ಯಂತ್ರದ ಬಗ್ಗೆ ತೀರ್ಮಾನ ತಗೊಳ್ಳುವುದು ಅಪಾಯ ಅನ್ನೋದು ಅವನ ವಾದ. ಎಐ ಬಗ್ಗೆ ನಮ್ಮ ಸಂಸತ್ತಿನಲ್ಲಿ ಚರ್ಚೆ ಕೇಳಿದ್ದರೆ ಈ ಮಾತಿನ ತೂಕ ನಿಮಗೆ ಗೊತ್ತಿರುತ್ತೆ.

ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಬಂತು. ಜನರಲ್ ಎಲೆಕ್ಟ್ರಿಕ್‌ನ ಎರಡು ಯಂತ್ರ ತಂದರು. ಒಂದು ಜಿಇ-225, ಲೆಕ್ಕ ಮಾಡುವುದಕ್ಕೆ. ಇನ್ನೊಂದು ಡೇಟಾನೆಟ್-30, ಟೆಲಿಟೈಪ್‌ಗಳ ಮುಂದೆ ಕೂತವರು ಹೇಳುವುದನ್ನು ಕೇಳಿಸಿಕೊಳ್ಳುವುದಕ್ಕೆ. ಟೆಲಿಟೈಪ್ ಅಂದರೆ ಪರದೆ ಇಲ್ಲದ, ಕಾಗದದ ಸುರುಳಿಯ ಮೇಲೆ ಟಕಟಕ ಹೊಡೆಯುವ ಯಂತ್ರ. ಇವತ್ತಿನ ನಮ್ಮ ಟರ್ಮಿನಲ್ ಕಿಟಕಿಯ ಮುತ್ತಜ್ಜ. ಟೈಮ್ ಶೇರಿಂಗ್ ವ್ಯವಸ್ಥೆಯನ್ನು ಬರೆದವರು ಪದವಿ ವಿದ್ಯಾರ್ಥಿಗಳು. ಭಾಷೆಯ ಕಂಪೈಲರನ್ನು ಕೆಮೆನಿ ತಾನೇ ಬರೆಯತೊಡಗಿದ. 1964ರ ಮೇ 1ರ ಬೆಳಗಿನ ಜಾವ ನಾಲ್ಕಕ್ಕೆ ಕಾಲೇಜ್ ಹಾಲ್‌ನ ನೆಲಮಾಳಿಗೆಯಲ್ಲಿ ಎರಡು ಟೆಲಿಟೈಪ್‌ಗಳಿಂದ ಒಂದೇ ಸಮಯಕ್ಕೆ ರನ್ ಅಂತ ಹೊಡೆದರು. ಎರಡಕ್ಕೂ ಸರಿಯಾದ ಉತ್ತರ ಬಂತು. ಬೇಸಿಕ್ ಹುಟ್ಟಿತು. ಕಾರ್ಮಿಕರ ದಿನ ಅನ್ನೋದು ಕಾಕತಾಳೀಯ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ.

ಈಗ ನನ್ನ ಬೆರಕೆಯ ವಿಷಯಕ್ಕೆ ಬರುತ್ತೇನೆ. ಬೇಸಿಕ್ ಒಂದು ಭಾಷೆ ಅಂತಷ್ಟೇ ನಾವು ಓದಿದ್ದೇವೆ. ಭಾಷೆಯಾಗಿ ಅದು ಮಹಾ ಹೊಸದೇನಲ್ಲ, ಫೋರ್ಟ್ರಾನ್‌ನಿಂದ ಸ್ವಲ್ಪ, ಆಲ್ಗಾಲ್‌ನಿಂದ ಸ್ವಲ್ಪ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಹದಿನಾಲ್ಕು ಬಗೆಯ ವಾಕ್ಯ. ಪೂರ್ಣಾಂಕ, ದಶಮಾಂಶ ಅನ್ನೋ ಭೇದವನ್ನೂ ಬಳಸುವವರ ತಲೆಗೆ ಕಟ್ಟಲಿಲ್ಲ, ಸಂಖ್ಯೆ ಅಂದರೆ ಸಂಖ್ಯೆ. ಹೊಸತು ಇದ್ದದ್ದು ಭಾಷೆಯ ಸುತ್ತ ಕಟ್ಟಿದ ಮನೆಯಲ್ಲಿ. ಅಲ್ಲಿಯತನಕ ಪ್ರೋಗ್ರಾಂ ಬರೆಯುವ ಸಾಧನ ಬೇರೆ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಬೇರೆ, ಓಡಿಸುವುದು ಬೇರೆ, ಕಡತ ಇಡುವುದು ಬೇರೆ, ಒಂದೊಂದಕ್ಕೂ ಒಂದೊಂದು ಒಗಟಿನ ಆಜ್ಞೆ. ಡಾರ್ಟ್‌ಮತ್‌ನಲ್ಲಿ ಇವೆಲ್ಲ ಒಂದೇ ಪ್ರಾಂಪ್ಟ್‌ಗೆ ಬಂದವು. ಲಾಗಿನ್ ಅನ್ನೋ ಬದಲು ಹಲೋ ಅಂತ ಹೊಡೆಯಬೇಕಿತ್ತು. ಹೊಸ ಪ್ರೋಗ್ರಾಮೋ ಹಳೆಯದೋ ಅಂತ ಯಂತ್ರ ಕೇಳುತ್ತಿತ್ತು. ಸಾಲಿನ ಮೊದಲಿಗೆ ಸಂಖ್ಯೆ ಇದ್ದರೆ ಅದು ಪ್ರೋಗ್ರಾಮಿನ ಭಾಗ, ನೆನಪಿಟ್ಟುಕೊಳ್ಳುತ್ತಿತ್ತು. ಸಂಖ್ಯೆ ಇಲ್ಲದಿದ್ದರೆ ಅದು ಆಜ್ಞೆ: ರನ್, ಲಿಸ್ಟ್, ಸೇವ್. ಮೂವತ್ತನೇ ಸಾಲು ತಪ್ಪಾಗಿದೆಯಾ? ಮತ್ತೆ 30 ಅಂತ ಹಾಕಿ ಬರೆಯಿರಿ, ಹಳೆಯದು ಹೋಯಿತು. ಅಷ್ಟೇ ಎಡಿಟರ್. ಹೊರಡುವಾಗ ಗುಡ್‌ಬೈ.

ಒಂದು ತಮಾಷೆ ಇದೆ. ಡಾರ್ಟ್‌ಮತ್ ಬೇಸಿಕ್ ನಿಜವಾಗಿ ಇಂಟರ್‌ಪ್ರಿಟರ್ ಅಲ್ಲ, ಕಂಪೈಲರ್. ರನ್ ಒತ್ತಿದ ತಕ್ಷಣ ಇಡೀ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿ ಓಡಿಸಿಬಿಡುತ್ತಿತ್ತು, ಎಷ್ಟು ಬೇಗ ಅಂದರೆ ಕೂತವರಿಗೆ ಸಂಭಾಷಣೆ ಅನ್ನಿಸುತ್ತಿತ್ತು. ಓಡುವ ಮಧ್ಯೆ ಬಳಕೆದಾರನನ್ನು ಪ್ರಶ್ನೆ ಕೇಳುವ ಇನ್‌ಪುಟ್ ಅನ್ನೋ ವಾಕ್ಯ ಮೊದಲ ಬೇಸಿಕ್‌ನಲ್ಲಿ ಇರಲೇ ಇಲ್ಲ, ಆಮೇಲೆ ಸೇರಿತು. ಸಂಖ್ಯೆ ಹಾಕದೆ ಪ್ರಿಂಟ್ ಎರಡು ಕೂಡಿಸು ಎರಡು ಅಂತ ಬರೆದು ಆಗಲೇ ಉತ್ತರ ಪಡೆಯುವ ಸೌಲಭ್ಯವೂ ಅಲ್ಲಿರಲಿಲ್ಲ. ಅದು ಇದ್ದದ್ದು ಕ್ಯಾಲಿಫೋರ್ನಿಯಾದ ರ್‍ಯಾಂಡ್ ಸಂಸ್ಥೆಯಲ್ಲಿ ಕ್ಲಿಫ್ ಶಾ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಟ್ಟಿದ ಜಾಸ್ ಎಂಬ ವ್ಯವಸ್ಥೆಯಲ್ಲಿ. ಈ ಎರಡು ಮನೆಗಳ ಗುಣ ಬೆರೆತದ್ದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಬೇಸಿಕ್-ಪ್ಲಸ್‌ನಲ್ಲಿ. ಅದನ್ನು ನೋಡಿ ಮೈಕ್ರೋಸಾಫ್ಟ್‌ನವರ ಬೇಸಿಕ್. ಅಂದರೆ ನನ್ನ ತಲೆಮಾರಿನವರು ಕಲಿತ ಬೇಸಿಕ್ ಮೂರು ಕೈ ದಾಟಿ ಬಂದ ಬೆರಕೆ.

ಕೆಮೆನಿ ಮಾಡಿದ ಇನ್ನೊಂದು ತೀರ್ಮಾನ ತಂತ್ರಜ್ಞಾನದ್ದಲ್ಲ. ಕಂಪ್ಯೂಟರ್ ಕೇಂದ್ರವನ್ನು ಕಾಲೇಜಿನ ಲೈಬ್ರರಿಯ ಹಾಗೆ ನಡೆಸಬೇಕು ಅಂದ. ಲೈಬ್ರರಿಯಲ್ಲಿ ಪುಸ್ತಕ ತೆಗೆಯುವ ಮುನ್ನ ಯಾಕೆ ಓದುತ್ತೀ ಅಂತ ಯಾರೂ ಕೇಳಲ್ಲ, ಪುಟಕ್ಕಿಷ್ಟು ಅಂತ ದುಡ್ಡು ವಸೂಲಿ ಮಾಡಲ್ಲ. ಕಂಪ್ಯೂಟರ್ ಸಮಯವೂ ಹಾಗೇ ಇರಲಿ. ಆಗ ಬೇರೆ ಕಡೆ ಯಂತ್ರದ ಸಮಯಕ್ಕೆ ಲೆಕ್ಕ ಬರೆದು ಬಿಲ್ ಹಾಕುತ್ತಿದ್ದ ಕಾಲ. ವಿದ್ಯಾರ್ಥಿಗಳು ಆಟ ಆಡಿಕೊಂಡು ಸಮಯ ಹಾಳು ಮಾಡುತ್ತಾರೆ ಅಂತ ಆಕ್ಷೇಪ ಬಂದರೆ, ಆಟದಿಂದಲೇ ಯಂತ್ರದ ಭಯ ಹೋಗುತ್ತೆ ಅನ್ನೋದು ಅವನ ನಿಲುವು. ಕೆಲವೇ ವರ್ಷಗಳಲ್ಲಿ ಕಾಲೇಜಿನ ಬಹುಪಾಲು ಹುಡುಗರು ಬೇಸಿಕ್‌ನಲ್ಲಿ ಬರೆಯುವವರಾದರು. ಟೆಲಿಫೋನ್ ತಂತಿಯ ಮೂಲಕ ಆಸುಪಾಸಿನ ಹೈಸ್ಕೂಲುಗಳಿಗೂ ಟೆಲಿಟೈಪ್ ಹೋದವು.

ಹುಡುಗರು ಅಂತ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅಲ್ಲಿ ಆಗ ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ. ಎಲ್ಲರಿಗೂ ಕಂಪ್ಯೂಟರ್ ಅಂದಾಗಿನ ಆ ಎಲ್ಲರು ಬಹುತೇಕ ಅನುಕೂಲಸ್ಥ ಬಿಳಿ ಮನೆತನಗಳ ಗಂಡುಮಕ್ಕಳು. ಬೇಸಿಕ್ ಬಗ್ಗೆ ಬರುವ ಹೊಗಳಿಕೆಯ ಲೇಖನಗಳು ಇದನ್ನು ಒಂದು ಸಾಲಲ್ಲಿ ದಾಟಿಬಿಡುತ್ತವೆ. ಕೆಮೆನಿ ಹಾಗೆ ದಾಟಲಿಲ್ಲ ಅನ್ನೋದು ಅವನನ್ನು ನಾನು ಗೌರವಿಸಲು ದೊಡ್ಡ ಕಾರಣ. 1970ರ ಮಾರ್ಚ್‌ನಲ್ಲಿ ಅವನು ಡಾರ್ಟ್‌ಮತ್‌ನ ಅಧ್ಯಕ್ಷನಾದ. ಎರಡು ತಿಂಗಳಾಗಿತ್ತಷ್ಟೇ, ಅಮೆರಿಕದ ಸೈನ್ಯ ಕಾಂಬೋಡಿಯಾಕ್ಕೆ ನುಗ್ಗಿತು. ಮೇ 4ರಂದು ಓಹಿಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿ ನಾಲ್ವರನ್ನು ಕೊಂದಿತು. ದೇಶದ ಕ್ಯಾಂಪಸ್‌ಗಳು ಹೊತ್ತಿ ಉರಿದವು. ಕೆಮೆನಿ ಪೊಲೀಸರನ್ನು ಕರೆಸಲಿಲ್ಲ. ಆ ವಾರದ ಪಾಠಗಳನ್ನು ನಿಲ್ಲಿಸಿ, ಇಡೀ ಕಾಲೇಜು ಕೂತು ಇದನ್ನು ಚರ್ಚಿಸಲಿ ಅಂದ. ಪ್ರತಿಭಟನೆ ಅಂದ ತಕ್ಷಣ ಕುಲಪತಿಗಳು ನೋಟಿಸ್ ಅಂಟಿಸುವುದನ್ನು ನೋಡಿ ಬೆಳೆದ ನಿಮಗೆ ಇದು ನಂಬಲು ಕಷ್ಟ ಆಗಬಹುದು.

1972ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು. ಹಳೇ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಸಿಟ್ಟಾದರು. ಇನ್ನೊಂದು ಲೆಕ್ಕ ನೋಡಿ: ಡಾರ್ಟ್‌ಮತ್ 1769ರಲ್ಲಿ ಸ್ಥಾಪನೆಯಾದಾಗ ಅದರ ಸನ್ನದಿನಲ್ಲೇ ಮೂಲನಿವಾಸಿ ಯುವಕರ ಶಿಕ್ಷಣಕ್ಕಾಗಿ ಅಂತ ಬರೆದಿತ್ತು. ಮುಂದಿನ ಇನ್ನೂರು ವರ್ಷಗಳಲ್ಲಿ ಅಲ್ಲಿಂದ ಪದವಿ ಪಡೆದ ಮೂಲನಿವಾಸಿಗಳು 19 ಮಂದಿ. ಕಾಗದದ ಮೇಲಿನ ಮೀಸಲಾತಿ ಅಂದರೆ ಇದೇ. ಅಧಿಕಾರ ವಹಿಸಿಕೊಂಡ ದಿನವೇ ಕೆಮೆನಿ ಆ ಹಳೆಯ ಮಾತನ್ನು ನಡೆಸಿಕೊಡುವುದಾಗಿ ಹೇಳಿ, ಅವರನ್ನು ಸೇರಿಸಿಕೊಳ್ಳಲು ಪ್ರತ್ಯೇಕ ವ್ಯವಸ್ಥೆ ಮಾಡಿದ. ಇಷ್ಟೆಲ್ಲದರ ನಡುವೆ ವರ್ಷಕ್ಕೆ ಎರಡು ಗಣಿತದ ತರಗತಿ ತೆಗೆದುಕೊಳ್ಳುವುದನ್ನು ಬಿಡಲಿಲ್ಲ.

ಬೇಸಿಕ್ ಅಷ್ಟರಲ್ಲಿ ಅವನ ಕೈ ಮೀರಿ ಬೆಳೆದಿತ್ತು. ಕಾಲೇಜು ಅದನ್ನು ಮಾರಲು ಹೋಗಲಿಲ್ಲ, ಯಾರು ಬೇಕಾದರೂ ತಮ್ಮ ಬೇಸಿಕ್ ಬರೆದುಕೊಳ್ಳಬಹುದಿತ್ತು, ಬರೆದುಕೊಂಡರು. 1968ರಲ್ಲಿ ಸಿಯಾಟಲ್‌ನ ಒಂದು ಶಾಲೆಯಲ್ಲಿ ಟೆಲಿಟೈಪ್ ಮೇಲೆ ಬೇಸಿಕ್ ಕಲಿತ ಹುಡುಗನೊಬ್ಬ 1975ರಲ್ಲಿ ಗೆಳೆಯನ ಜೊತೆ ಸೇರಿ ಆಲ್ಟೇರ್ ಎಂಬ ಪುಟ್ಟ ಯಂತ್ರಕ್ಕೆ ಬೇಸಿಕ್ ಬರೆದು ಮೈಕ್ರೋಸಾಫ್ಟ್ ಶುರು ಮಾಡಿದ. ಮರುವರ್ಷ ಅದೇ ಬಿಲ್ ಗೇಟ್ಸ್, ಬೇಸಿಕ್ ಪ್ರತಿ ಮಾಡಿಕೊಳ್ಳುವ ಹವ್ಯಾಸಿಗಳನ್ನು ಕಳ್ಳರೆನ್ನುವ ಬಹಿರಂಗ ಪತ್ರ ಬರೆದರು. ಲೈಬ್ರರಿಯ ಪುಸ್ತಕದ ಹಾಗೆ ಹಂಚಲಿ ಅಂತ ಹುಟ್ಟಿದ್ದರ ಮೇಲೆ ಹನ್ನೆರಡೇ ವರ್ಷಕ್ಕೆ ಈ ಜಗಳ. ದುಡಿಮೆಗೆ ಬೆಲೆ ಕೇಳುವುದು ತಪ್ಪು ಅಂತ ನಾನು ಹೇಳಲ್ಲ. ಆ ಪತ್ರ ಓದುವಾಗ ಹ್ಯಾನೋವರ್‌ನ ನೆಲಮಾಳಿಗೆ ನೆನಪಾಗದೆ ಇರಲ್ಲ, ಅಷ್ಟೇ.

ಎಂಬತ್ತರ ದಶಕದಲ್ಲಿ ಬೇಸಿಕ್ ಭಾರತದ ಶಾಲೆಗಳಿಗೂ ಬಂತು. ನನಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ತಾಲ್ಲೂಕು ಕೇಂದ್ರದ ಒಂದು ಶಾಲೆಯಲ್ಲಿ, ಜಿಡಬ್ಲ್ಯೂ-ಬೇಸಿಕ್. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಪ್ರತ್ಯೇಕ ಫೀಸು ಕಟ್ಟಿದವರಿಗೆ ಮಾತ್ರ ಪ್ರವೇಶ. ಒಂದು ಟರ್ಮ್ ನಮ್ಮ ಮನೆಯಲ್ಲಿ ಆ ಫೀಸಿಗೆ ದುಡ್ಡಿರಲಿಲ್ಲ, ನಾನು ಮತ್ತು ಇನ್ನೂ ಕೆಲವರು ಆ ಪೀರಿಯಡ್‌ನಲ್ಲಿ ಕಿಟಕಿಯ ಹೊರಗೆ. ಮುಂದಿನ ಟರ್ಮ್ ಒಳಗೆ ಹೋದಾಗ ಒಂದು ಯಂತ್ರಕ್ಕೆ ಆರು ಮಂದಿ. ಬೋರ್ಡಿನ ಮೇಲಿದ್ದದ್ದನ್ನೇ ಟೈಪ್ ಮಾಡಬೇಕು, ಬೇರೇನೂ ಮುಟ್ಟಬಾರದು. ಒಂದು ದಿನ ಮೇಷ್ಟ್ರು ಹೊರಗೆ ಹೋದಾಗ ಸಂಖ್ಯೆ ಹಾಕದೆ ಪ್ರಿಂಟ್ ಅಂತ ಬರೆದು ನನ್ನ ಹುಟ್ಟಿದ ವರ್ಷ ಕಳೆಯುವ ಲೆಕ್ಕ ಕೊಟ್ಟೆ. ಯಂತ್ರ ನನ್ನ ವಯಸ್ಸು ಹೇಳಿತು. ಮೈ ಜುಂ ಅಂದಿತು. ಆ ಸೌಲಭ್ಯ ಕೆಮೆನಿಯದ್ದಲ್ಲ, ಜಾಸ್‌ನದು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ಕೋಣೆಯ ನಿಯಮಗಳೆಲ್ಲ ಕೆಮೆನಿ ಒಡೆಯಲು ಹೊರಟ ನಿಯಮಗಳೇ ಅಂತಲೂ ಆಗಲೇ ಗೊತ್ತಾದದ್ದು. ಯಂತ್ರ ಅಮೆರಿಕದಿಂದ ಬಂತು, ಭಾಷೆ ಬಂತು, ಲೈಬ್ರರಿಯ ವಿಚಾರ ಮಾತ್ರ ದಾರಿಯಲ್ಲೆಲ್ಲೋ ಉಳಿದುಬಿಟ್ಟಿತ್ತು.

1979ರ ಮಾರ್ಚ್ 28, ಮತ್ತೆ ಬೆಳಗಿನ ಜಾವ ನಾಲ್ಕು. ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ನೀರಿನ ಪಂಪು ನಿಂತಿತು. ಒತ್ತಡ ಇಳಿಸಲು ತೆರೆದುಕೊಂಡ ಒಂದು ಕವಾಟ ಮತ್ತೆ ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಎಲ್ಲ ಸರಿ ಇದೆ ಅನ್ನುತ್ತಿತ್ತು. ಯಾಕೆಂದರೆ ಆ ದೀಪ ತೋರಿಸುತ್ತಿದ್ದದ್ದು ಕವಾಟಕ್ಕೆ ಮುಚ್ಚಿಕೋ ಅನ್ನೋ ಆಜ್ಞೆ ಹೋಗಿದೆ ಅಂತ. ಅದು ಮುಚ್ಚಿಕೊಂಡಿತೋ ಇಲ್ಲವೋ ಅನ್ನೋದು ಆ ದೀಪಕ್ಕೆ ಗೊತ್ತೇ ಇರಲಿಲ್ಲ. ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಹೊಡೆದುಕೊಂಡವು. ಅವುಗಳನ್ನು ಮುದ್ರಿಸಬೇಕಿದ್ದ ಕಂಪ್ಯೂಟರಿನ ಪ್ರಿಂಟರ್ ಗಂಟೆಗಟ್ಟಲೆ ಹಿಂದೆ ಬಿತ್ತು. ನೌಕರರು ಮುಂದಿದ್ದ ದೀಪ ನಂಬಿ ನೀರು ಕಡಿಮೆ ಮಾಡಿದರು. ರಿಯಾಕ್ಟರಿನ ಒಡಲಿನ ದೊಡ್ಡ ಭಾಗ ಕರಗಿತು.

ಅಧ್ಯಕ್ಷ ಜಿಮ್ಮಿ ಕಾರ್ಟರ್ ತನಿಖೆಗೆ ಹನ್ನೆರಡು ಮಂದಿಯ ಆಯೋಗ ಮಾಡಿ ಕೆಮೆನಿಯನ್ನು ಮುಖ್ಯಸ್ಥನಾಗಿಸಿದರು. ಸ್ಥಾವರದ ಪಕ್ಕದ ಊರಿನ ಒಬ್ಬ ನಿವಾಸಿ ಮಹಿಳೆಯೂ ಆಯೋಗದಲ್ಲಿದ್ದರು ಅನ್ನೋದನ್ನು ಗಮನಿಸಿ. ಅಕ್ಟೋಬರ್‌ನಲ್ಲಿ ಬಂದ ವರದಿ ತಪ್ಪನ್ನೆಲ್ಲ ಪಾಳಿಯಲ್ಲಿದ್ದ ನಾಲ್ಕು ನೌಕರರ ತಲೆಗೆ ಕಟ್ಟಲಿಲ್ಲ. ಅವರಿಗೆ ಕೊಟ್ಟ ತರಬೇತಿ, ಗೊಂದಲದ ನಿಯಂತ್ರಣ ಫಲಕ, ಹಿಂದೆ ಬೇರೆ ಸ್ಥಾವರದಲ್ಲಿ ಇದೇ ಕವಾಟ ಕೈಕೊಟ್ಟಾಗ ಪಾಠ ಕಲಿಯದ ಕಂಪನಿಗಳು, ಸುರಕ್ಷತೆ ತಾನಾಗಿಯೇ ಇದೆ ಅಂದುಕೊಂಡ ನಿಯಂತ್ರಣ ಆಯೋಗ, ಎಲ್ಲವನ್ನೂ ಹೆಸರಿಸಿತು. ಹೊಸ ಸ್ಥಾವರಗಳ ನಿರ್ಮಾಣ ತಡೆಹಿಡಿಯುವ ಪ್ರಸ್ತಾಪಕ್ಕೆ ಮಾತ್ರ ಆಯೋಗದೊಳಗೇ ಬೇಕಾದ ಬಹುಮತ ಸಿಗಲಿಲ್ಲ. ವರದಿಯ ದೌರ್ಬಲ್ಯ ಅದು ಅಂತ ಅಣುವಿರೋಧಿಗಳು ಅಂದರು, ನನಗೂ ಹಾಗೇ ಅನ್ನಿಸುತ್ತೆ.

ಆದರೂ ಆ ದೀಪವನ್ನು ನಾನು ಮರೆಯಲಾರೆ. ಬೇಸಿಕ್‌ನ ಪ್ರಾಂಪ್ಟ್‌ಗೂ ಆ ದೀಪಕ್ಕೂ ಇರುವ ವ್ಯತ್ಯಾಸವೇ ಈ ಮನುಷ್ಯನ ಬದುಕಿನ ವಿಷಯ. ಒಂದು, ನೀನು ಕೇಳಿದ್ದಕ್ಕೆ ಏನಾಯಿತೋ ಅದನ್ನು ಹೇಳುತ್ತೆ, ತಪ್ಪಾದರೆ ಯಾವ ಸಾಲಿನಲ್ಲಿ ಅಂತ ಹೇಳುತ್ತೆ, ತಿದ್ದಿ ಮತ್ತೆ ಕೇಳಲು ಬಿಡುತ್ತೆ. ಇನ್ನೊಂದು, ನಿನ್ನ ಆಜ್ಞೆಯನ್ನೇ ನಿನಗೆ ವಾಪಸ್ ತೋರಿಸಿ ಸಮಾಧಾನ ಮಾಡುತ್ತೆ. ಆನ್‌ಲೈನ್ ಅರ್ಜಿ ಹಾಕಿದಾಗ ಬರುವ ಹಸಿರು ಟಿಕ್ ನೋಡಿ ವಾರಗಟ್ಟಲೆ ಕಾದವರಿಗೆ ಈ ಎರಡನೇ ಬಗೆಯ ದೀಪದ ಪರಿಚಯ ಚೆನ್ನಾಗಿಯೇ ಇರುತ್ತೆ.

1981ರಲ್ಲಿ ಕೆಮೆನಿ ಅಧ್ಯಕ್ಷ ಸ್ಥಾನ ಬಿಟ್ಟು ಮತ್ತೆ ಪೂರ್ತಿ ಮೇಷ್ಟ್ರಾದ. ಸುತ್ತ ನೋಡಿದರೆ ಮೈಕ್ರೋಕಂಪ್ಯೂಟರ್‌ಗಳ ಕಾಲ. ಪ್ರತಿ ಯಂತ್ರದಲ್ಲೂ ಒಂದೊಂದು ಬೇಸಿಕ್, ಒಂದಕ್ಕೊಂದು ಹೊಂದಲ್ಲ. ಪುಟ್ಟ ಮೆಮೊರಿಗೆ ತುರುಕಲು ಏನೇನೋ ಕತ್ತರಿಸಿದ್ದರು, ಏನೇನೋ ಸೇರಿಸಿದ್ದರು. ಬೇಸಿಕ್ ಕಲಿತವರ ತಲೆ ಕೆಡುತ್ತೆ ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್ಸ್‌ಟ್ರಾ 1975ರಲ್ಲೇ ಬೈದಿದ್ದರು. ಕೆಮೆನಿ, ಕರ್ಟ್ಜ್ ಇಬ್ಬರೂ ಈ ಬೀದಿ ಬೇಸಿಕ್‌ಗಳನ್ನು ಕಂಡು ಕಿಡಿಕಿಡಿಯಾದರು. ಡಾರ್ಟ್‌ಮತ್‌ನಲ್ಲಿ ಬೇಸಿಕ್ ಎಷ್ಟೋ ಮುಂದೆ ಹೋಗಿತ್ತು, ಸಾಲಿನ ಸಂಖ್ಯೆಗಳ ಹಂಗೂ ಬೇಕಿರಲಿಲ್ಲ. 1983ರಲ್ಲಿ ಒಂದು ಕಂಪನಿ ಕಟ್ಟಿ ಟ್ರೂ ಬೇಸಿಕ್ ಅಂತ ತಂದರು. ನಿಜವಾದದ್ದು, ಅಸಲಿ. ಅದು ಮಾರುಕಟ್ಟೆಯಲ್ಲಿ ದೊಡ್ಡದಾಗಿ ನಡೆಯಲಿಲ್ಲ. ಜನರಿಗೆ ಅಷ್ಟು ಹೊತ್ತಿಗೆ ಯಂತ್ರದ ಜೊತೆ ಬಿಟ್ಟಿ ಬರುವ ಬೇಸಿಕ್ ಸಾಕಾಗಿತ್ತು.

ಇಲ್ಲಿ ನಾನು ಕೆಮೆನಿಯ ಪಕ್ಷ ಅಲ್ಲ. ಎಲ್ಲರಿಗೂ ಅಂತ ಬಿಟ್ಟುಕೊಟ್ಟ ಮೇಲೆ ಎಲ್ಲರೂ ತಮತಮಗೆ ಬೇಕಾದ ಹಾಗೆ ಬೆರೆಸಿಕೊಳ್ಳುತ್ತಾರೆ. ಅಸಲಿ ಯಾವುದು ಅಂತ ಮನೆಯ ಯಜಮಾನ ಹೇಳಲು ಬರಲ್ಲ. ಭಾಷೆಯ ವಿಷಯದಲ್ಲಿ ಇದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಶುದ್ಧ ಕನ್ನಡದ ಜಗಳ ನಾವೂ ಸಾಕಷ್ಟು ಮಾಡಿದ್ದೇವೆ. ಆ ಬೀದಿ ಬೇಸಿಕ್ ಇಲ್ಲದಿದ್ದರೆ ಯಂತ್ರ ನನ್ನ ವಯಸ್ಸು ಹೇಳುತ್ತಿರಲಿಲ್ಲ.

1992ರ ಡಿಸೆಂಬರ್ 26ರಂದು ಕೆಮೆನಿ ಹೃದಯದ ತೊಂದರೆಯಿಂದ ತೀರಿಕೊಂಡ. ವಯಸ್ಸು 66. ಕರ್ಟ್ಜ್ ಬಹಳ ಕಾಲ ಬದುಕಿ 2024ರ ನವೆಂಬರ್‌ನಲ್ಲಿ, 96ನೇ ವಯಸ್ಸಿನಲ್ಲಿ ಹೋದರು. ಅದಕ್ಕೆ ಒಂದು ತಿಂಗಳ ಮುಂಚೆ ಪೈಥಾನ್ 3.13 ಬಂದಿತ್ತು. ಅದರ ಮೂರು ಬಾಣದ ಪ್ರಾಂಪ್ಟ್‌ಗೆ ಕೊನೆಗೂ ಬಣ್ಣ ಬಂದಿತ್ತು, ಹಲವು ಸಾಲುಗಳನ್ನು ಒಟ್ಟಿಗೆ ತಿದ್ದುವ ಸೌಲಭ್ಯ ಬಂದಿತ್ತು, ಅದೂ ಪೈಪೈ ಎಂಬ ಇನ್ನೊಂದು ಪೈಥಾನ್‌ನಿಂದ ತಂದು ಬೆರೆಸಿದ್ದು. ಜೊತೆಗೆ ಒಂದು ಸಣ್ಣ ಬದಲಾವಣೆ. ಅಲ್ಲಿಯತನಕ ಪೈಥಾನಿಂದ ಹೊರಡಲು ಎಕ್ಸಿಟ್ ಅಂತ ಬರೆದರೆ, ಮುಂದೆ ಎರಡು ಆವರಣ ಚಿಹ್ನೆ ಹಾಕಿ ಬಾ ಅಂತ ಅದು ಹೇಳುತ್ತಿತ್ತು. ನಾವು ಹೊರಟಿದ್ದೇವೆ ಅಂತ ಅದಕ್ಕೆ ಅರ್ಥವಾಗಿತ್ತು, ಆದರೂ ಬಿಡುತ್ತಿರಲಿಲ್ಲ. ಈಗ ಎಕ್ಸಿಟ್ ಅಂದರೆ ಸಾಕು, ಬಿಡುತ್ತೆ. ಡಾರ್ಟ್‌ಮತ್‌ನ ಟೆಲಿಟೈಪ್ ಮುಂದೆ ಕೂತ ಸಾಹಿತ್ಯದ ವಿದ್ಯಾರ್ಥಿ 1964ರಲ್ಲೇ ಗುಡ್‌ಬೈ ಅಂತ ಹೊಡೆದು, ಕಾಗದ ಹರಿದುಕೊಂಡು, ಎದ್ದು ಹೋಗುತ್ತಿದ್ದ.